ಯಂತ್ರಗಳ ಕಿರ್ದಿ ಪುಸ್ತಕ

ಪಿಂಪಳಗಾಂವ್ ಬಸವಂತದ ಪೇಟೆಯಲ್ಲಿ ಈರುಳ್ಳಿ, ಟೊಮೇಟೊ, ದ್ರಾಕ್ಷಿಗಳ ವ್ಯಾಪಾರವನ್ನು ಕಂಡವರಿಗೆ ಕಿರ್ದಿ ಪುಸ್ತಕದ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಮರಾಠಿಯಲ್ಲಿ ಕೀರ್ದ, ಕನ್ನಡದಲ್ಲಿ ಕಿರ್ದಿ. ಪದವೂ ಒಂದೇ, ಕೆಲಸವೂ ಒಂದೇ. ದಿನದ ವ್ಯವಹಾರವನ್ನು ನಡೆದ ಕ್ರಮದಲ್ಲಿಯೇ, ನಡೆದ ಹೊತ್ತಿನಲ್ಲಿಯೇ ಬರೆದಿಡುವುದು ಕಿರ್ದಿ. ಆಮೇಲೆ ಬಿಡುವಿನಲ್ಲಿ ಅದನ್ನು ಅವರವರ ಹೆಸರಿಗೆ ವಿಂಗಡಿಸಿ ಬರೆಯುವುದು ಖಾತೆ. ಖಾತೆಯಲ್ಲಿ ತಪ್ಪು ಬಿದ್ದರೆ ಕಿರ್ದಿಯನ್ನು ನೋಡಿ ಸರಿಪಡಿಸಬಹುದು. ಕಿರ್ದಿಯೇ ತಪ್ಪಿದರೆ ನೋಡಲು ಇನ್ನೇನೂ ಉಳಿಯುವುದಿಲ್ಲ.

ಈಗ ಲೆಕ್ಕಪತ್ರದ ಬಹುಭಾಗವನ್ನು ಗಣಕಯಂತ್ರಗಳೇ ಇಡುತ್ತಿರುವುದಷ್ಟೆ. ಈ ಯಂತ್ರಗಳೂ ತಾವು ಮಾಡಿದ ಕೆಲಸದ ಒಂದು ಕಿರ್ದಿಯನ್ನು ಬರೆಯುತ್ತವೆಂಬುದು ಅನೇಕರಿಗೆ ತಿಳಿದಿಲ್ಲ. ಅದಕ್ಕೆ ಲಾಗ್ ಎಂದು ಹೆಸರು. ಹಾಯಿಹಡಗುಗಳ ಕಾಲದಲ್ಲಿ ನಾವಿಕರು ಹಗ್ಗ ಕಟ್ಟಿದ ಮರದ ತುಂಡೊಂದನ್ನು ಕಡಲಿಗೆ ಎಸೆದು, ಹಗ್ಗ ಎಷ್ಟು ಬೇಗ ಬಿಚ್ಚಿಕೊಳ್ಳುತ್ತದೆಂಬುದರಿಂದ ಹಡಗಿನ ವೇಗವನ್ನು ಅಳೆಯುತ್ತಿದ್ದರು. ಆ ಮರದ ತುಂಡೇ ಲಾಗ್. ಅಳತೆಯನ್ನು ಬರೆದಿಡುವ ಪುಸ್ತಕಕ್ಕೂ ಅದೇ ಹೆಸರು ಬಂತು. ಗಣಕಯಂತ್ರದವರು ಅಲ್ಲಿಂದ ಅದನ್ನು ತೆಗೆದುಕೊಂಡರು. ನಾವು ಈ ಲೇಖನದಲ್ಲಿ ಕಿರ್ದಿಯೆಂದೇ ಕರೆಯೋಣ.

ಒಂದೇ ಯಂತ್ರವಿದ್ದಾಗ ಕಿರ್ದಿ ಸುಲಭವಾದ ಸಂಗತಿ. ಒಂದು ಕೆಲಸವನ್ನು ಬೇರೆ ಬೇರೆ ಊರಿನ ಹತ್ತಾರು ಯಂತ್ರಗಳು ಹಂಚಿಕೊಂಡು ಮಾಡುವಾಗ ತೊಡಕು ಬರುತ್ತದೆ. ಪ್ರತಿಯೊಂದು ಯಂತ್ರಕ್ಕೂ ತನ್ನ ಪಾಲಿನದು ಮಾತ್ರ ಗೊತ್ತು. ಪೂರ್ತಿ ಕಥೆ ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ. ಅಂಥ ಕಡೆ ಕಿರ್ದಿಯ ಏರ್ಪಾಡನ್ನು ಹೇಗೆ ರೂಪಿಸಬೇಕು, ಅದರ ಕಟ್ಟಳೆಗಳನ್ನು ಕೆಲಸ ನಿಲ್ಲಿಸದೆಯೇ ಬದಲಿಸುವಂತೆ ಹೇಗೆ ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ. ತಂತ್ರಾಂಶ ಬರೆಯುವ ತರುಣರಿಗೆ ಮಾತ್ರ ಬೇಕಾದ ವಿಷಯವಿದೆಂದು ತಿಳಿಯಬಾರದು. ಈ ಪುಸ್ತಕ ಸರಿಯಿಲ್ಲದ್ದರಿಂದ ನಿರಪರಾಧಿಗಳು ಸೆರೆಮನೆ ಸೇರಿದ ಉದಾಹರಣೆಯುಂಟು. ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ಒಂದು ಲಾರಿ, ನಾಲ್ಕು ಪುಸ್ತಕ

ದಿನವೂ ನಾವು ನೋಡುವ ಸಂಗತಿಯಿಂದಲೇ ಆರಂಭಿಸೋಣ. ನಮ್ಮ ಊರು ಮುಂಬಯಿ–ಆಗ್ರಾ ಹೆದ್ದಾರಿಯ ಮೇಲಿದೆ. ಟೋಲ್ ನಾಕೆಯೂ ಇಲ್ಲುಂಟು. ಈರುಳ್ಳಿ ತುಂಬಿದ ಲಾರಿಯೊಂದು ಇಲ್ಲಿಂದ ಬೆಂಗಳೂರಿನ ಯಶವಂತಪುರದ ಪೇಟೆಗೆ ಹೊರಟಿತೆನ್ನಿ. ನಾಸಿಕ, ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರು—ದಾರಿಯುದ್ದಕ್ಕೂ ನಾಕೆಗಳು. 2021ರ ಫೆಬ್ರವರಿ 15ರ ನಡುರಾತ್ರಿಯಿಂದ ರಾಷ್ಟ್ರೀಯ ಹೆದ್ದಾರಿಯ ನಾಕೆಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಗಿದೆ. ಲಾರಿಯ ಮುಂಗಾಜಿಗೆ ಅಂಟಿಸಿದ ಆ ಚೀಟಿಯಲ್ಲಿ ಬ್ಯಾಟರಿಯಿಲ್ಲ. ನಾಕೆಯ ಮೇಲಿರುವ ಓದುಯಂತ್ರ ಕಳುಹಿಸುವ ರೇಡಿಯೋ ಅಲೆಗಳ ಶಕ್ತಿಯಿಂದಲೇ ಅದು ಎಚ್ಚತ್ತು ತನ್ನ ಸಂಖ್ಯೆಯನ್ನು ಹೇಳುತ್ತದೆ.

ಮುಂದೆ ನಡೆಯುವುದು ಹೀಗೆ. ನಾಕೆಯ ಯಂತ್ರ ಆ ಸಂಖ್ಯೆಯನ್ನೂ ವಾಹನದ ವರ್ಗವನ್ನೂ ಗುರುತಿಸಿ, ನಾಕೆಯ ಪರವಾಗಿ ಹಣ ಪಡೆಯುವ ಬ್ಯಾಂಕಿಗೆ ಬೇಡಿಕೆಯನ್ನು ಕಳುಹಿಸುತ್ತದೆ. ಆ ಬ್ಯಾಂಕು ಅದನ್ನು ರಾಷ್ಟ್ರೀಯ ಪಾವತಿ ನಿಗಮದ ಏರ್ಪಾಡಿಗೆ ದಾಟಿಸುತ್ತದೆ. ನಿಗಮದ ಯಂತ್ರವು ಚೀಟಿಯನ್ನು ಕೊಟ್ಟ ಬ್ಯಾಂಕು ಯಾವುದೆಂಬುದನ್ನು ಕಂಡುಹಿಡಿದು ಬೇಡಿಕೆಯನ್ನು ಅಲ್ಲಿಗೆ ಮುಟ್ಟಿಸುತ್ತದೆ. ಆ ಬ್ಯಾಂಕು ಲಾರಿಯ ಯಜಮಾನನ ಲೆಕ್ಕದಿಂದ ಹಣ ಕಳೆದು, ಅವನ ಫೋನಿಗೆ ಸಂದೇಶ ಕಳುಹಿಸುತ್ತದೆ. ಸಂಸ್ಥೆಗಳು ನಾಲ್ಕು, ಪುಸ್ತಕಗಳೂ ನಾಲ್ಕು. ಒಂದರ ಪುಸ್ತಕವನ್ನು ಇನ್ನೊಂದು ನೋಡಲಾರದು.

ಈಗ ಒಂದು ಪ್ರಸಂಗವನ್ನು ಊಹಿಸಿಕೊಳ್ಳೋಣ. ದಾರಿಯ ಯಾವುದೋ ಒಂದು ನಾಕೆಯಲ್ಲಿ ಲಾರಿ ದಾಟಿದ್ದು ಒಂದು ಸಲ, ಹಣ ಹೋದದ್ದು ಎರಡು ಸಲ. ಯಜಮಾನ ಕೇಳಿದರೆ ನಾಕೆಯವರು ‘ನಮ್ಮಲ್ಲಿ ಎಲ್ಲ ಸರಿಯಾಗಿದೆ’ ಎನ್ನುತ್ತಾರೆ. ಬ್ಯಾಂಕಿನವರು ‘ಎರಡು ಬೇಡಿಕೆ ಬಂದವು, ಎರಡಕ್ಕೂ ಕೊಟ್ಟೆವು’ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲದೆ ಇರಬಹುದು. ಆದರೂ ಬಡಪಾಯಿ ಯಜಮಾನನಿಗೆ ಉತ್ತರ ಸಿಕ್ಕಲಿಲ್ಲ. ಉತ್ತರ ಸಿಕ್ಕಬೇಕಾದರೆ ಈ ನಾಲ್ಕು ಪುಸ್ತಕಗಳಲ್ಲಿ ಏನೇನು ಬರೆದಿರಬೇಕಾಗಿತ್ತು? ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಮುಂದೆ ಹೋಗೋಣ.

ಎಷ್ಟು ಬರೆಯಬೇಕು?

ಎಲ್ಲವನ್ನೂ ಬರೆದಿಟ್ಟರೆ ಆಯಿತಲ್ಲ ಎಂದು ಕೆಲವರು ಹೇಳುವರು. ಪೇಟೆಯ ಗುಮಾಸ್ತನು ಹರಾಜಿನಲ್ಲಿ ಕೂಗಿದ ಪ್ರತಿಯೊಂದು ಮಾತನ್ನೂ, ಬಂದುಹೋದವರು ಕೆಮ್ಮಿದ್ದನ್ನೂ ಬರೆಯುತ್ತ ಕುಳಿತರೆ ಸಂಜೆಯ ಹೊತ್ತಿಗೆ ಪುಸ್ತಕ ತುಂಬುತ್ತದೆ, ಬೇಕಾದ ಸಾಲು ಸಿಕ್ಕುವುದಿಲ್ಲ. ಏನನ್ನೂ ಬರೆಯದಿದ್ದರೆ ಜಗಳವಾದ ದಿನ ಸಾಕ್ಷಿಯೇ ಇರುವುದಿಲ್ಲ. ಆದ್ದರಿಂದ ಸಂಗತಿಗಳಿಗೆ ದರ್ಜೆ ಗೊತ್ತುಮಾಡಬೇಕು.

ಇಂಥ ದರ್ಜೆಯ ಕ್ರಮವೊಂದನ್ನು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಎರಿಕ್ ಆಲ್ಮನ್ ಎಂಬವರು 1980ರ ದಶಕದಲ್ಲಿ, ಅಂಚೆ ಸಾಗಿಸುವ ತಮ್ಮ ತಂತ್ರಾಂಶದ ಅಂಗವಾಗಿ ಬಳಕೆಗೆ ತಂದರು. ಅದರ ಹೆಸರು ಸಿಸ್‌ಲಾಗ್. ಅದರ ನಿಯಮಗಳನ್ನು 2001ರಲ್ಲಿ ಬರೆದಿಟ್ಟರು, 2009ರಲ್ಲಿ ಪರಿಷ್ಕರಿಸಿದರು. ಅವು ಇಂದಿಗೂ ಬಳಕೆಯಲ್ಲಿವೆ. ಅದರಲ್ಲಿ 0ಯಿಂದ 7ರವರೆಗೆ ಎಂಟು ದರ್ಜೆಗಳುಂಟು. 0 ಎಂದರೆ ಏರ್ಪಾಡೇ ನಿಂತುಹೋಗಿದೆ, 1 ಕೂಡಲೇ ಯಾರಾದರೂ ಬರಬೇಕು, 2 ಗಂಭೀರ, 3 ದೋಷ, 4 ಎಚ್ಚರಿಕೆ, 5 ದೋಷವಲ್ಲ, ಆದರೂ ಗಮನಿಸತಕ್ಕದ್ದು, 6 ಸಾಮಾನ್ಯ ಮಾಹಿತಿ, 7 ತಪ್ಪು ಹುಡುಕುವವರಿಗೆ ಮಾತ್ರ ಬೇಕಾದ ಸೂಕ್ಷ್ಮ ವಿವರ. ಅಂಕಿ ಚಿಕ್ಕದಾದಷ್ಟೂ ವಿಪತ್ತು ದೊಡ್ಡದು.

ನಮ್ಮ ನಾಕೆಗೆ ಇದನ್ನು ಹೊಂದಿಸಿದರೆ: ಲಾರಿ ದಾಟಿತು, ಹಣದ ಬೇಡಿಕೆ ಹೋಯಿತು ಎಂಬುದು 6. ಚೀಟಿಯನ್ನು ಎರಡನೆಯ ಯತ್ನದಲ್ಲಿ ಓದಲಾಯಿತು ಎಂಬುದು 4. ಬ್ಯಾಂಕಿನಿಂದ ಉತ್ತರವೇ ಬರಲಿಲ್ಲ ಎಂಬುದು 3. ಓದುಯಂತ್ರಕ್ಕೆ ಕ್ಷಣಕ್ಷಣವೂ ಕೇಳಿದ ಅಲೆಗಳ ಬಲಾಬಲ 7. ನಿತ್ಯದಲ್ಲಿ 6ರವರೆಗೆ ಬರೆದರೆ ಸಾಕು.

ಬರೆಯುವ ರೀತಿಯಲ್ಲಿಯೂ ಎಚ್ಚರ ಬೇಕು. ‘ಈಗಷ್ಟೆ ಒಂದು ಲಾರಿ ಹೋಯಿತು, ಏನೋ ತೊಂದರೆಯಾದಂತಿದೆ’ ಎಂಬ ವಾಕ್ಯ ಮನುಷ್ಯರಿಗೆ ಅರ್ಥವಾದೀತು. ಲಕ್ಷ ಸಾಲುಗಳಲ್ಲಿ ಹುಡುಕಬೇಕಾದ ಯಂತ್ರಕ್ಕೆ ಅರ್ಥವಾಗದು. ಕಿರ್ದಿ ಪುಟಕ್ಕೆ ಗೆರೆ ಎಳೆದು ತಾರೀಖು, ಬಾಬು, ಜಮೆ, ಖರ್ಚು ಎಂದು ಅಂಕಣ ಮಾಡುವಂತೆ ಇಲ್ಲಿಯೂ ಅಂಕಣಗಳಿರಬೇಕು: ಹೊತ್ತು, ದರ್ಜೆ, ಯಾವ ಯಂತ್ರ, ಯಾವ ವಿಭಾಗ, ಯಾವ ವ್ಯವಹಾರ, ಏನಾಯಿತು. ನಾಲ್ಕು ಸಂಸ್ಥೆಗಳೂ ಅಂಕಣಗಳಿಗೆ ಒಂದೇ ಹೆಸರಿಟ್ಟುಕೊಂಡರೆ ನಾಲ್ಕು ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬಹುದು.

ಕಟ್ಟಳೆ ಹೊರಗಿರಲಿ

ಈಗ ಮುಖ್ಯ ಮಾತಿಗೆ ಬಂದೆವು. ‘6ರವರೆಗೆ ಬರೆ’ ಎಂಬ ಅಪ್ಪಣೆಯನ್ನು ತಂತ್ರಾಂಶದ ಒಳಗೇ ಹೆಣೆದುಬಿಟ್ಟರೆ ಏನಾಗುತ್ತದೆ? ಒಂದು ರಾತ್ರಿ ಮೂರನೆಯ ಸಾಲಿನ ಓದುಯಂತ್ರ ಕೆಟ್ಟಾಟ ಆಡುತ್ತಿದೆ, ಅದರ 7ನೆಯ ದರ್ಜೆಯ ವಿವರ ಬೇಕು ಎನ್ನುವಾಗ ತಂತ್ರಾಂಶವನ್ನೇ ತಿದ್ದಿ, ನಾಕೆಯನ್ನು ನಿಲ್ಲಿಸಿ, ಮತ್ತೆ ಚಾಲೂ ಮಾಡಬೇಕಾಗುತ್ತದೆ. ನಿಲ್ಲಿಸಿ ಚಾಲೂ ಮಾಡಿದ ಮೇಲೆ ಎಷ್ಟೋ ಸಲ ರೋಗವೇ ಮಾಯವಾಗಿ, ಕಾರಣ ತಿಳಿಯದೆ ಉಳಿಯುತ್ತದೆ; ಹತ್ತು ದಿನದ ಮೇಲೆ ಮತ್ತೆ ಬರುತ್ತದೆ.

ಆದ್ದರಿಂದ ಕಟ್ಟಳೆಗಳನ್ನು ತಂತ್ರಾಂಶದ ಹೊರಗೆ, ಒಂದು ಪಟ್ಟಿಯಲ್ಲಿ ಇಡುವುದು ವಾಡಿಕೆ. ಸಿಸ್‌ಲಾಗಿನಲ್ಲಿ ಈ ಪಟ್ಟಿ ಬಹಳ ಸರಳವಾಗಿತ್ತು. ಎಡಗಡೆ, ಯಾವ ವಿಭಾಗದ ಯಾವ ದರ್ಜೆಯ ಸಂಗತಿ. ಬಲಗಡೆ, ಅದು ಯಾವ ಪುಸ್ತಕಕ್ಕೆ ಅಥವಾ ಯಾವ ಯಂತ್ರಕ್ಕೆ ಹೋಗಬೇಕು. ತಂತ್ರಾಂಶ ಬರೆದವನು ‘ಇಂಥದು ನಡೆಯಿತು’ ಎಂದಷ್ಟೇ ಹೇಳುತ್ತಾನೆ. ಅದನ್ನು ಬರೆಯಬೇಕೆ, ಎಲ್ಲಿ ಬರೆಯಬೇಕು, ಎಷ್ಟು ದಿನ ಇಡಬೇಕು ಎಂಬುದನ್ನು ನಡೆಸುವವನು ಗೊತ್ತುಮಾಡುತ್ತಾನೆ. ಈ ಎರಡು ಅಧಿಕಾರಗಳನ್ನು ಬೇರೆ ಮಾಡಿದ್ದೇ ಈ ವಿದ್ಯೆಯ ತಿರುಳು.

ಹಂಚಿಹೋದ ಏರ್ಪಾಡಿನಲ್ಲಿ ಪಟ್ಟಿಯನ್ನು ಒಂದು ಕೇಂದ್ರದಲ್ಲಿಟ್ಟು ಎಲ್ಲ ಯಂತ್ರಗಳೂ ಅದನ್ನು ಆಗಾಗ ನೋಡಿಕೊಳ್ಳುವಂತೆ ಮಾಡುತ್ತಾರೆ. ಇಲ್ಲಿ ನಾಲ್ಕು ನಿಯಮಗಳನ್ನು ಪಾಲಿಸತಕ್ಕದ್ದು.

ಮೊದಲನೆಯದು: ಕಟ್ಟಳೆ ಒಟ್ಟಿಗೆ ಎಲ್ಲರಿಗೂ ಅನ್ವಯಿಸದೆ, ವಿಭಾಗ ವಿಭಾಗಕ್ಕೆ ಬೇರೆ ಮಾಡುವಂತಿರಬೇಕು. ಮೂರನೆಯ ಸಾಲಿನ ಓದುಯಂತ್ರಕ್ಕೆ ಮಾತ್ರ 7, ಉಳಿದವಕ್ಕೆ 6.

ಎರಡನೆಯದು: ಹೆಚ್ಚಿನ ಬರವಣಿಗೆಗೆ ಅವಧಿ ಹಾಕಬೇಕು. ‘ಇಂದು ರಾತ್ರಿ 10ರಿಂದ 12ರವರೆಗೆ’ ಎಂದು ಹೇಳಿದರೆ ಆಮೇಲೆ ತಾನಾಗಿಯೇ ಹಿಂದಿನ ಸ್ಥಿತಿಗೆ ಬರಬೇಕು. ದೀಪ ಹಚ್ಚಿದವನು ಆರಿಸಲು ಮರೆಯುವುದು ಎಲ್ಲ ಮನೆಗಳಲ್ಲಿಯೂ ಉಂಟು.

ಮೂರನೆಯದು: ಪಟ್ಟಿಯಲ್ಲಿ ತಪ್ಪಿದ್ದರೆ ಯಂತ್ರ ಅದನ್ನು ಒಪ್ಪದೆ, ಹಿಂದಿನ ಒಳ್ಳೆಯ ಪಟ್ಟಿಯಂತೆಯೇ ನಡೆದು, ‘ಹೊಸ ಪಟ್ಟಿ ತಪ್ಪಾಗಿದೆ’ ಎಂದು ಬರೆಯಬೇಕು. ಕೇಂದ್ರ ಸಿಕ್ಕದೆ ಹೋದರೂ ಹೀಗೆಯೇ ನಡೆಯಬೇಕು. ಕಿರ್ದಿಯ ಪಟ್ಟಿಯಲ್ಲಿ ಒಂದು ಅಕ್ಷರ ತಪ್ಪಿದ್ದಕ್ಕೆ ಹೆದ್ದಾರಿಯ ನಾಕೆ ನಿಲ್ಲಕೂಡದು.

ನಾಲ್ಕನೆಯದು: ಪಟ್ಟಿಯನ್ನು ಯಾರು, ಯಾವಾಗ, ಏನೆಂದು ಬದಲಿಸಿದರೆಂಬುದೂ ಕಿರ್ದಿಯಲ್ಲಿ ಬೀಳಬೇಕು. ಇಲ್ಲವಾದರೆ ಕಳವು ಮಾಡುವವನು ಮೊದಲು ಬರವಣಿಗೆಯನ್ನು ನಿಲ್ಲಿಸಿ, ಕೆಲಸ ಮುಗಿಸಿ, ಮತ್ತೆ ಶುರುಮಾಡಿಸಬಹುದು.

ಪಟ್ಟಿಗೆ ಅಧಿಕಾರ ಕೊಡುವುದಕ್ಕೂ ಮಿತಿಯುಂಟು. 2021ರ ಡಿಸೆಂಬರಿನಲ್ಲಿ ಪ್ರಪಂಚದ ತಂತ್ರಾಂಶದವರೆಲ್ಲ ನಿದ್ದೆಗೆಟ್ಟ ಸಂಗತಿಯೊಂದು ನಡೆಯಿತು. ಲಾಗ್ ಫೋರ್ ಜೆ ಎಂಬುದು ಜಾವಾ ಭಾಷೆಯ ತಂತ್ರಾಂಶಗಳಲ್ಲಿ ವ್ಯಾಪಕವಾಗಿ ಬಳಸುವ ಕಿರ್ದಿ ಸಲಕರಣೆ. ಬರೆಯಲು ಕೊಟ್ಟ ಸಾಲಿನಲ್ಲಿ ಒಂದು ವಿಶೇಷ ಗುರುತಿದ್ದರೆ ಅದನ್ನು ಸೂಚನೆಯೆಂದು ತಿಳಿದು, ಹೊರಗಿನ ಯಂತ್ರದಿಂದ ತಂತ್ರಾಂಶವನ್ನು ತರಿಸಿ ನಡೆಸಿಬಿಡುವ ಸೌಕರ್ಯ ಅದರಲ್ಲಿ ಉಳಿದುಹೋಗಿತ್ತು. ಹೊರಗಿನ ಯಾವನಾದರೂ ತನ್ನ ಹೆಸರಿನ ಜಾಗದಲ್ಲಿ ಆ ಗುರುತನ್ನು ಬರೆದರೆ ಸಾಕು, ಯಂತ್ರ ಅವನ ವಶವಾಗುವ ಸಂಭವವಿತ್ತು. ಗುಮಾಸ್ತನು ಹೇಳಿದ್ದನ್ನು ಬರೆಯಬೇಕೇ ಹೊರತು, ಬರೆಯಲು ಕೊಟ್ಟ ಚೀಟಿಯಲ್ಲಿ ‘ತಿಜೋರಿ ತೆಗೆ’ ಎಂದಿದ್ದರೆ ಎದ್ದುಹೋಗಿ ತೆಗೆಯಬಾರದು. ಕಿರ್ದಿ ಬರೆಯುವ ಸಲಕರಣೆ ಸರಳವಾಗಿದ್ದಷ್ಟೂ ಕ್ಷೇಮ.

ಬಿಲ್ಟಿಯ ನಂಬರು

ನಾಲ್ಕು ಪುಸ್ತಕಗಳನ್ನು ಒಂದು ದಾರದಲ್ಲಿ ಪೋಣಿಸುವ ಉಪಾಯವನ್ನು ನಮ್ಮ ಲಾರಿಯವರು ಎಂದೋ ಬಲ್ಲರು. ಮಾಲು ತುಂಬಿದ ಕಡೆ ಬಿಲ್ಟಿ ಹರಿಯುತ್ತಾರೆ, ಅದಕ್ಕೊಂದು ನಂಬರು. ಮಾಲು ಎಷ್ಟು ಕೈ ಬದಲಾಯಿಸಿದರೂ ನಂಬರು ಬದಲಾಗದು. ಯಾವ ಗೋದಾಮಿನಲ್ಲಿ ಕೇಳಿದರೂ ಆ ನಂಬರಿನಿಂದ ಮಾಲು ಎಲ್ಲಿದೆಯೆಂದು ತಿಳಿಯುತ್ತದೆ.

ಯಂತ್ರಗಳಲ್ಲಿಯೂ ಹಾಗೆಯೇ. ವ್ಯವಹಾರ ಹುಟ್ಟಿದ ಕಡೆಯಲ್ಲಿಯೇ ಒಂದು ನಂಬರನ್ನು ಕೊಟ್ಟು, ಮುಂದಿನ ಪ್ರತಿಯೊಂದು ಯಂತ್ರವೂ ಅದನ್ನು ತನ್ನ ಕಿರ್ದಿಯಲ್ಲಿ ಬರೆದು ಮುಂದಕ್ಕೆ ದಾಟಿಸಬೇಕು. ಗೂಗಲ್ ಸಂಸ್ಥೆಯವರು ತಮ್ಮಲ್ಲಿ ನಡೆಸುತ್ತಿದ್ದ ಡ್ಯಾಪರ್ ಎಂಬ ಏರ್ಪಾಡನ್ನು 2010ರಲ್ಲಿ ಪ್ರಕಟಿಸಿದ ಮೇಲೆ ಈ ಕ್ರಮ ಎಲ್ಲೆಡೆ ಹರಡಿತು. ನಂಬರನ್ನು ಬರೆಯುವ ಒಂದೇ ರೀತಿಯ ನಮೂನೆಯನ್ನು ಜಾಲದ ನಿಯಮಗಳನ್ನು ರೂಪಿಸುವ ಅಂತರರಾಷ್ಟ್ರೀಯ ಒಕ್ಕೂಟವು 2020ರಲ್ಲಿ ಅಂಗೀಕರಿಸಿತು.

ಡ್ಯಾಪರಿನವರು ಇನ್ನೊಂದು ಸಂಗತಿಯನ್ನೂ ತಿಳಿಸಿದರು. ವ್ಯವಹಾರಗಳು ವಿಪರೀತವಾಗಿದ್ದಲ್ಲಿ ಪ್ರತಿಯೊಂದರ ಜಾಡನ್ನೂ ಹಿಡಿಯಬೇಕಾಗಿಲ್ಲ. ಮೊದಲಲ್ಲಿ ಅವರು 1024ರಲ್ಲಿ ಒಂದನ್ನು ಮಾತ್ರ ಆರಿಸಿ ಪೂರ್ತಿ ಬರೆಯುತ್ತಿದ್ದರು. ಒಂದು ಅಗುಳು ಹಿಸುಕಿ ಅನ್ನ ಬೆಂದಿದೆಯೆಂದು ತಿಳಿಯುವಂತೆ, ಏರ್ಪಾಡು ಎಲ್ಲಿ ನಿಧಾನವಾಗುತ್ತಿದೆಯೆಂದು ತಿಳಿಯಲು ಅಷ್ಟು ಸಾಕು. ಎಷ್ಟರಲ್ಲಿ ಒಂದು ಎಂಬುದೂ ಹೊರಗಿನ ಪಟ್ಟಿಯಲ್ಲಿರಬೇಕಾದ ಕಟ್ಟಳೆಯೇ. ಆದರೆ ಹಣದ ವಿಷಯದಲ್ಲಿ ಅಗುಳು ನೋಡುವ ಕ್ರಮ ಸಲ್ಲದು; ಅಲ್ಲಿ ಪ್ರತಿ ಪೈಸೆಗೂ ಸಾಲು ಬೇಕು.

ಯಾರ ಗಡಿಯಾರ?

ನಾಕೆಯ ಪುಸ್ತಕದಲ್ಲಿ ‘10 ಗಂಟೆ 5 ನಿಮಿಷ’ ಎಂದಿದೆ, ಬ್ಯಾಂಕಿನ ಪುಸ್ತಕದಲ್ಲಿ ‘10 ಗಂಟೆ 3 ನಿಮಿಷ’ ಎಂದಿದೆ. ಹಾಗಾದರೆ ಲಾರಿ ಬರುವ ಮೊದಲೇ ಹಣ ಕಳೆಯಿತೆ? ಇಲ್ಲ, ಗಡಿಯಾರಗಳು ಹೊಂದಿಲ್ಲ, ಅಷ್ಟೆ. ಯಂತ್ರದ ಗಡಿಯಾರವೂ ಕೈಗಡಿಯಾರದಂತೆ ಹಿಂದೆಮುಂದೆ ಆಗುತ್ತದೆ.

ಭಾರತದ ಅಧಿಕೃತ ಕಾಲವನ್ನು ಹೊಸ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯವು ಪರಮಾಣು ಗಡಿಯಾರಗಳಿಂದ ಕಾಪಾಡುತ್ತದೆ. ಗಣಕಯಂತ್ರಗಳ ಅಪಘಾತಗಳನ್ನು ನೋಡಿಕೊಳ್ಳುವ ಕೇಂದ್ರ ಸರಕಾರದ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶದಲ್ಲಿ ಎರಡು ಮಾತುಗಳು ನಮ್ಮ ವಿಷಯಕ್ಕೆ ಸೇರಿದವು. ಒಂದು, ಯಂತ್ರಗಳ ಗಡಿಯಾರವನ್ನು ಈ ಪ್ರಯೋಗಾಲಯದ ಅಥವಾ ರಾಷ್ಟ್ರೀಯ ಮಾಹಿತಿ ಕೇಂದ್ರದ ಕಾಲದೊಡನೆ, ಇಲ್ಲವೆ ಅವಕ್ಕೆ ಹೊಂದಿಕೊಂಡ ಕಾಲದೊಡನೆ ಹೊಂದಿಸಿಕೊಂಡಿರಬೇಕು. ಇನ್ನೊಂದು, ಕಿರ್ದಿಗಳನ್ನು 180 ದಿನಗಳವರೆಗೆ ಭದ್ರವಾಗಿ ಇಟ್ಟಿರಬೇಕು.

ಗಡಿಯಾರ ಎಷ್ಟೇ ಹೊಂದಿಸಿದರೂ ಕೂದಲೆಳೆಯ ವ್ಯತ್ಯಾಸ ಉಳಿಯುತ್ತದೆ. ಅದಕ್ಕೂ ಒಂದು ಉಪಾಯವನ್ನು ಲೆಸ್ಲಿ ಲ್ಯಾಂಪೋರ್ಟ್ ಎಂಬ ಗಣಿತಜ್ಞರು 1978ರಲ್ಲಿ ತೋರಿಸಿದರು. ಉತ್ತರದ ಕಾಗದ ಪ್ರಶ್ನೆಯ ಕಾಗದಕ್ಕಿಂತ ಮೊದಲು ಬರೆದದ್ದಾಗಿರಲಾರದು ಎಂಬ ಸಾಮಾನ್ಯ ಜ್ಞಾನವೇ ಅದರ ಬುನಾದಿ. ಪ್ರತಿ ಯಂತ್ರವೂ ತನ್ನ ಪ್ರತಿಯೊಂದು ಕೆಲಸಕ್ಕೂ ಒಂದು ಕ್ರಮಸಂಖ್ಯೆ ಹಾಕುತ್ತ ಹೋಗಬೇಕು. ಕಳುಹಿಸುವ ಸಂದೇಶದಲ್ಲಿ ಆ ಸಂಖ್ಯೆಯನ್ನು ಬರೆಯಬೇಕು. ಪಡೆದವನ ಸಂಖ್ಯೆ ಅದಕ್ಕಿಂತ ಕಡಿಮೆಯಿದ್ದರೆ, ಬಂದ ಸಂಖ್ಯೆಗೆ ಒಂದು ಕೂಡಿಸಿ ಅಲ್ಲಿಂದ ಮುಂದುವರಿಯಬೇಕು. ಹೀಗೆ ಮಾಡಿದರೆ ಗಡಿಯಾರ ಏನೇ ಹೇಳಲಿ, ಕಾರಣದ ಸಂಖ್ಯೆ ಯಾವಾಗಲೂ ಪರಿಣಾಮದ ಸಂಖ್ಯೆಗಿಂತ ಚಿಕ್ಕದಾಗಿರುತ್ತದೆ.

ಹಾಗೆಯೇ, ಸಂಗತಿ ನಡೆದ ಹೊತ್ತು ಬೇರೆ, ಅದನ್ನು ಬರೆದ ಹೊತ್ತು ಬೇರೆ. ತಂತಿ ಕೆಟ್ಟು ನಾಕೆಯ ಬೇಡಿಕೆ ಎರಡು ಗಂಟೆ ತಡವಾಗಿ ಹೋದರೆ, ಸಂದೇಶ ಬರುವಾಗ ಲಾರಿ ಮುಂದಿನ ಜಿಲ್ಲೆಯಲ್ಲಿರುತ್ತದೆ. ಎರಡು ಹೊತ್ತಿಗೂ ಎರಡು ಅಂಕಣ ಬೇಕು.

ಪುಸ್ತಕ ತುಂಬಿದಾಗ

ಬರೆಯುವವನು ನಿಧಾನವಾದರೆ ವ್ಯಾಪಾರ ನಿಲ್ಲಬೇಕೆ? ಸಾಮಾನ್ಯ ಸಂಗತಿಗಳಿಗಾಗಿ ನಿಲ್ಲಬಾರದು. ಅವನ್ನು ಮೊದಲು ಒಂದು ಚಿಕ್ಕ ತಟ್ಟೆಯಲ್ಲಿ ಕೂಡಿಹಾಕಿ, ಬಿಡುವಾದಾಗ ಪುಸ್ತಕಕ್ಕೆ ಇಳಿಸುತ್ತಾರೆ. ತಟ್ಟೆ ತುಂಬಿದರೆ ಕಡಿಮೆ ಮಹತ್ವದವನ್ನು, ಎಂದರೆ 7 ಮತ್ತು 6ನೆಯ ದರ್ಜೆಯವನ್ನು ಮೊದಲು ಬಿಡಬೇಕು. ಬಿಟ್ಟದ್ದೆಷ್ಟೆಂಬ ಲೆಕ್ಕವನ್ನು ಮಾತ್ರ ತಪ್ಪದೆ ಬರೆಯಬೇಕು. ‘ಇಲ್ಲಿ 340 ಸಾಲು ಬಿಟ್ಟಿದೆ’ ಎಂದಿದ್ದರೆ ಓದುವವನು ಎಚ್ಚರವಹಿಸುತ್ತಾನೆ. ಏನೂ ಹೇಳದಿದ್ದರೆ ಅಲ್ಲಿ ಏನೂ ನಡೆಯಲಿಲ್ಲವೆಂದು ಮೋಸಹೋಗುತ್ತಾನೆ.

ಹಣದ, ಹಕ್ಕಿನ ಸಂಗತಿಗಳಿಗೆ ಈ ರಿಯಾಯಿತಿ ಇಲ್ಲ. ಅವಕ್ಕೆ ಪುಸ್ತಕವೇ ಬೇರೆ ಇರಬೇಕು. ಅದರಲ್ಲಿ ಸಾಲು ಬೀಳದ ಹೊರತು ವ್ಯವಹಾರವೇ ಆಗಲಿಲ್ಲವೆಂದು ಎಣಿಸಬೇಕು. ಹೊರಗಿನ ಪಟ್ಟಿಯಿಂದ ಇದನ್ನು ಮುಚ್ಚಲು ಯಾರಿಗೂ ಅಧಿಕಾರವಿರಕೂಡದು. ಬದಲಿಸಬಲ್ಲದ್ದು ಯಾವುದು, ಬದಲಿಸಬಾರದ್ದು ಯಾವುದು ಎಂಬುದನ್ನು ಮೊದಲೇ ಗೊತ್ತುಮಾಡುವುದು ರೂಪಿಸುವವನ ಕರ್ತವ್ಯ.

ಬರೆಯಬಾರದ್ದು

ಬೀಗದ ಗುಟ್ಟನ್ನು ಕಿರ್ದಿಯಲ್ಲಿ ಬರೆಯುವ ಅಂಗಡಿಯವರಿಲ್ಲ. ಯಂತ್ರಗಳು ಬರೆದದ್ದುಂಟು. 2018ರ ಮೇ ತಿಂಗಳಲ್ಲಿ ಟ್ವಿಟರ್ ಸಂಸ್ಥೆಯು, ಸದಸ್ಯರ ಗುಪ್ತಪದಗಳು ತಮ್ಮ ಒಳಗಿನ ಕಿರ್ದಿಯೊಂದರಲ್ಲಿ ಮರೆಮಾಡದೆ ಬಿದ್ದಿದ್ದವೆಂದು ತಾನೇ ತಿಳಿಸಿ, ಎಲ್ಲರೂ ಅವನ್ನು ಬದಲಿಸಿಕೊಳ್ಳುವಂತೆ ಕೇಳಿಕೊಂಡಿತು. ಗುಪ್ತಪದ, ಒಂದು ಸಲದ ಸಂಖ್ಯೆ, ಪೂರ್ತಿ ಖಾತೆಯ ನಂಬರು—ಇವು ಕಿರ್ದಿಗೆ ಬೀಳುವ ಮೊದಲೇ ಅಳಿಸಿಹೋಗಬೇಕು. ಬೇಕಾದರೆ ಕೊನೆಯ ನಾಲ್ಕು ಅಂಕೆ ಉಳಿಯಲಿ. ಲಾರಿ ಯಾವ ಹೊತ್ತು ಎಲ್ಲಿತ್ತೆಂಬುದೂ ಒಬ್ಬ ಮನುಷ್ಯನ ಗುಟ್ಟೇ. ವ್ಯಕ್ತಿಗಳ ಮಾಹಿತಿಯನ್ನು ಕಾಪಾಡುವ ಕಾಯಿದೆಯೊಂದು 2023ರಲ್ಲಿ ನಮ್ಮ ದೇಶದಲ್ಲಿ ಅಂಗೀಕಾರವಾಗಿದೆ. ಆದ್ದರಿಂದ ಯಾವ ಪುಸ್ತಕವನ್ನು ಯಾರು ಓದಬಹುದೆಂಬುದೂ, ಅವಧಿ ಮುಗಿದ ಮೇಲೆ ಅದನ್ನು ಯಾವಾಗ ನಾಶಮಾಡಬೇಕೆಂಬುದೂ ಕಟ್ಟಳೆ ಪಟ್ಟಿಯಲ್ಲಿರಬೇಕು.

ತಿದ್ದುವ ಕೈ

ಹಿಂದೆ ನಮ್ಮ ನಾಡಿನಲ್ಲಿ ಕಡತವೆಂಬ ಪುಸ್ತಕವಿತ್ತು. ಹುಣಿಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದ ಬಟ್ಟೆಯನ್ನು ಮಡಿಕೆ ಮಾಡಿ, ಬಳಪದಿಂದ ಬರೆಯುತ್ತಿದ್ದರು. ಒರಸಿ ಮತ್ತೆ ಬರೆಯಬಹುದಾಗಿದ್ದುದು ಅದರ ಅನುಕೂಲ. ಅದೇ ಅದರ ಅಪಾಯ. ಯಂತ್ರದ ಕಿರ್ದಿಯೂ ಸ್ವಭಾವತಃ ಕಡತವೇ. ಅಧಿಕಾರವಿದ್ದವನು ಒರಸಿದರೆ ಗುರುತೂ ಉಳಿಯದು.

ಇದರ ಫಲವನ್ನು ಇಂಗ್ಲೆಂಡಿನ ಅಂಚೆಯವರು ಉಂಡರು. 1999ರಿಂದ ಅಲ್ಲಿನ ಅಂಚೆ ಶಾಖೆಗಳಿಗೆ ಹೊರೈಜ಼ನ್ ಎಂಬ ಲೆಕ್ಕದ ತಂತ್ರಾಂಶವನ್ನು ಕೊಟ್ಟರು. ದೇಶದ ತುಂಬ ಹಂಚಿಹೋದ ಸಾವಿರಾರು ಶಾಖೆಗಳು, ನಡುವೆ ಕೇಂದ್ರ ಯಂತ್ರ. ಶಾಖೆಗಳ ಲೆಕ್ಕದಲ್ಲಿ ಇಲ್ಲದ ಕೊರತೆಗಳು ಕಾಣಿಸಿಕೊಂಡವು. ಯಂತ್ರ ತಪ್ಪುವುದಿಲ್ಲವೆಂದು ನಂಬಿ ಶಾಖೆ ನಡೆಸುವವರ ಮೇಲೆಯೇ ಕಳವಿನ ಆರೋಪ ಹೊರಿಸಿದರು. 2015ರವರೆಗೆ 900ಕ್ಕೂ ಹೆಚ್ಚು ಮಂದಿ ಅಪರಾಧಿಗಳೆನಿಸಿದರು. ಕೆಲವರು ಸೆರೆಮನೆಗೆ ಹೋದರು; ಅನೇಕರು ಮನೆಮಾರು ಮಾರಿ ತಾವು ತೆಗೆಯದ ಹಣವನ್ನು ತುಂಬಿದರು.

2019ರ ಡಿಸೆಂಬರಿನಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಫ್ರೇಸರ್ ಅವರು ತೀರ್ಪು ಕೊಟ್ಟರು. ತಂತ್ರಾಂಶದಲ್ಲಿ ಲೆಕ್ಕ ಕೆಡಿಸುವ ದೋಷಗಳಿದ್ದುದು ನಿಜ. ಅದನ್ನು ನಡೆಸುವ ಕಂಪನಿಯವರು ದೂರದಿಂದಲೇ, ಶಾಖೆಯವರಿಗೆ ತಿಳಿಯದಂತೆ, ಶಾಖೆಯ ಲೆಕ್ಕದಲ್ಲಿ ಸಾಲು ಸೇರಿಸಬಲ್ಲವರಾಗಿದ್ದುದೂ ನಿಜ. ವ್ಯವಹಾರದ ಮೂಲ ಕಿರ್ದಿ ಇದ್ದರೂ ಅನೇಕ ಮೊಕದ್ದಮೆಗಳಲ್ಲಿ ಅದನ್ನು ತರಿಸಿ ನೋಡಿರಲೇ ಇಲ್ಲ. 2021ರ ಏಪ್ರಿಲಿನಲ್ಲಿ ಮೇಲ್ಮನವಿ ನ್ಯಾಯಾಲಯ 39 ಮಂದಿಯ ಶಿಕ್ಷೆಯನ್ನು ರದ್ದುಮಾಡಿತು; 2024ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿ ಉಳಿದ ನೂರಾರು ಮಂದಿಯನ್ನು ಬಿಡುಗಡೆ ಮಾಡಿತು. ಅಷ್ಟರಲ್ಲಿ ಕೆಲವರು ಕಣ್ಣು ಮುಚ್ಚಿದ್ದರು.

ಇದರಿಂದ ಕಲಿಯಬೇಕಾದುದು ಸ್ಪಷ್ಟವಾಗಿದೆ. ಪ್ರತಿ ಸಾಲನ್ನೂ ಬರೆದ ಕೈ ಯಾವುದೆಂಬುದು ಆ ಸಾಲಿನಲ್ಲಿಯೇ ಇರಬೇಕು. ಕರ್ನಾಟಕದಲ್ಲಿ ಪಹಣಿಗಳನ್ನು ಯಂತ್ರಕ್ಕೇರಿಸಿದ ಭೂಮಿ ಯೋಜನೆಯಲ್ಲಿ, ದಾಖಲೆ ತಿದ್ದುವ ನೌಕರರು ಗುಪ್ತಪದದ ಬದಲು ಬೆರಳ ಗುರುತು ಕೊಟ್ಟು ಒಳಹೋಗುವ ಏರ್ಪಾಡನ್ನು 2000ದ ಸುಮಾರಿಗೇ ಮಾಡಿದ್ದರು. ‘ಅದು ನಾನಲ್ಲ, ನನ್ನ ಗುಪ್ತಪದವನ್ನು ಬೇರೆಯವರು ಬಳಸಿದರು’ ಎನ್ನಲು ಅಲ್ಲಿ ಎಡೆಯಿಲ್ಲ. ನಿರಪರಾಧಿಯ ಮೇಲೆ ತಪ್ಪು ಹೊರಿಸುವುದಕ್ಕೂ ಎಡೆ ಕಡಿಮೆ.

ಎರಡನೆಯದಾಗಿ, ಬರೆದುದನ್ನು ಒರಸಲು ಬರಬಾರದು. ತಪ್ಪಿದ್ದರೆ ಕೆಳಗೆ ತಿದ್ದುಪಡಿಯ ಹೊಸ ಸಾಲು ಬರೆಯಬೇಕು. ನಮ್ಮ ಹಳೆಯ ಗುಮಾಸ್ತರು ಹಾಗೆಯೇ ಮಾಡುತ್ತಿದ್ದರು. ಯಂತ್ರದಲ್ಲಿ ಇದನ್ನು ಕಾಯಲು ಒಂದು ಗಣಿತದ ಉಪಾಯವುಂಟು. ಯಾವುದೇ ಬರಹದಿಂದ ಒಂದು ನಿಗದಿತ ಉದ್ದದ ಮುದ್ರೆಸಂಖ್ಯೆಯನ್ನು ಲೆಕ್ಕಹಾಕಬಹುದು. ಬರಹದಲ್ಲಿ ಒಂದು ಚುಕ್ಕೆ ಬದಲಾದರೂ ಮುದ್ರೆ ಬದಲಾಗುತ್ತದೆ. ಪ್ರತಿ ಸಾಲಿನಲ್ಲಿಯೂ ಹಿಂದಿನ ಸಾಲಿನ ಮುದ್ರೆಯನ್ನು ಸೇರಿಸುತ್ತ ಹೋದರೆ, ನಡುವಿನ ಒಂದು ಸಾಲನ್ನು ತಿದ್ದಿದವನು ಆಮೇಲಿನ ಎಲ್ಲವನ್ನೂ ತಿದ್ದಬೇಕಾಗುತ್ತದೆ. ಕೊನೆಯ ಮುದ್ರೆಯ ಪ್ರತಿಯೊಂದು ಬೇರೆಯವರ ಕೈಯಲ್ಲಿದ್ದರೆ ಅವನು ಸಿಕ್ಕಿಬೀಳುತ್ತಾನೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ, ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಕೊಡುವಾಗ ಸಲ್ಲಿಸುವ ಪ್ರಮಾಣಪತ್ರದಲ್ಲಿ ಇಂಥ ಮುದ್ರೆಸಂಖ್ಯೆಯನ್ನೂ ಕಾಣಿಸಬೇಕಾಗಿದೆ.

ಮೂರನೆಯದು, ತಂತ್ರದ ಮಾತಲ್ಲ. ಆರೋಪ ಹೊತ್ತವನಿಗೆ ಪುಸ್ತಕವನ್ನು ತೋರಿಸಬೇಕು. ತೋರಿಸದ ಪುಸ್ತಕ ಎಷ್ಟು ಚೆನ್ನಾಗಿದ್ದರೇನು?

ಲಾರಿಯ ಯಜಮಾನನಿಗೆ ಉತ್ತರ

ಈಗ ನಮ್ಮ ಊಹೆಯ ಪ್ರಸಂಗಕ್ಕೆ ಹಿಂದಿರುಗೋಣ. ನಾಲ್ಕು ಸಂಸ್ಥೆಗಳೂ ಮೇಲೆ ಹೇಳಿದಂತೆ ಕಿರ್ದಿ ಇಟ್ಟಿದ್ದವೆನ್ನಿ. ನಾಕೆಯ ಪುಸ್ತಕದಲ್ಲಿ ಹೀಗಿದೆ: ಮೂರನೆಯ ಸಾಲಿನಲ್ಲಿ ಚೀಟಿಯನ್ನು ಓದಿದ್ದು ಒಂದೇ ಸಲ, ಬೇಡಿಕೆ ಹೋಯಿತು, ಉತ್ತರ ಬರಲಿಲ್ಲ, 3ನೆಯ ದರ್ಜೆಯ ಸಾಲು, ನಾಲ್ಕು ಸೆಕೆಂಡಿನ ಮೇಲೆ ಮತ್ತೆ ಬೇಡಿಕೆ ಹೋಯಿತು, ಆದರೆ ಹೊಸ ನಂಬರಿನಿಂದ. ಬ್ಯಾಂಕಿನ ಪುಸ್ತಕದಲ್ಲಿ ಮೊದಲ ಬೇಡಿಕೆಯೂ ಮುಟ್ಟಿದೆ, ಎರಡನೆಯದೂ ಮುಟ್ಟಿದೆ; ನಂಬರು ಬೇರೆಯಾದ್ದರಿಂದ ಎರಡು ಲಾರಿಯೆಂದು ತಿಳಿದು ಎರಡು ಸಲ ಹಣ ಕಳೆದಿದೆ. ಎರಡೂ ಸಾಲುಗಳಲ್ಲಿ ಲಾರಿ ದಾಟಿದ ಹೊತ್ತು ಮಾತ್ರ ಒಂದೇ.

ಬಿಲ್ಟಿ ಕಳೆದುಹೋಯಿತೇನೋ ಎಂಬ ಅನುಮಾನದಿಂದ ಅದೇ ಮಾಲಿಗೆ ಹೊಸ ನಂಬರಿನ ಬಿಲ್ಟಿ ಹರಿದಂತಾಯಿತು. ಯಾರೂ ಕದ್ದಿಲ್ಲ, ಯಾರೂ ಸುಳ್ಳು ಹೇಳಿಲ್ಲ. ಮತ್ತೆ ಕಳುಹಿಸುವಾಗ ಹಳೆಯ ನಂಬರನ್ನೇ ಬಳಸಬೇಕೆಂದು ತಂತ್ರಾಂಶವನ್ನು ತಿದ್ದಿದರೆ ಇಂಥ ತಪ್ಪು ಮತ್ತೆ ಆಗದು. ಯಜಮಾನನ ಹಣ ಹಿಂದಿರುಗಬೇಕು, ಹಿಂದಿರುಗಿದ್ದೂ ಕಿರ್ದಿಯಲ್ಲಿ ಹೊಸ ಸಾಲಾಗಿ ಬೀಳಬೇಕು.

ಫಾಸ್ಟ್ಯಾಗಿನ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳುವುದು ಲಾರಿಯವರಿಗೆ ಒಳ್ಳೆಯದು; ಅದರಲ್ಲಿರುವ ಹೊತ್ತು ಮತ್ತು ನಾಕೆಯ ಹೆಸರಿನಿಂದಲೇ ಹುಡುಕಾಟ ಆರಂಭವಾಗುತ್ತದೆ. ಹೆದ್ದಾರಿಯ ದೂರುಗಳಿಗೆ 1033 ಎಂಬ ಫೋನು ನಂಬರುಂಟು. ದೂರನ್ನು ತಡಮಾಡದೆ ಕೊಡಬೇಕು, ಏಕೆಂದರೆ ಕಿರ್ದಿಗಳನ್ನು ಎಂದೆಂದಿಗೂ ಇಡುವುದಿಲ್ಲ. ಇನ್ನು ತಂತ್ರಾಂಶ ಬರೆಯುವ ನಮ್ಮ ತರುಣರಿಗೆ ಒಂದೇ ಮಾತು. ಕಿರ್ದಿಯನ್ನು ಕೆಲಸ ಮುಗಿದ ಮೇಲೆ ಅಂಟಿಸುವ ಬಾಲಂಗೋಚಿಯೆಂದು ಭಾವಿಸದೆ, ಮೊದಲ ದಿನವೇ ಯೋಚಿಸಿರಿ. ಅದನ್ನು ಮುಂದೊಂದು ದಿನ ಓದುವವನು ತನ್ನ ಹಣವನ್ನೋ ಮಾನವನ್ನೋ ಹುಡುಕುತ್ತ ಬಂದ ಮನುಷ್ಯನಾಗಿರುತ್ತಾನೆ.